ಮೂರು ಮನೆ ಆಚೆಯ ನರ್ಸಮ್ಮ

ಮಲವಗೊಪ್ಪದಲ್ಲಿ ನಮ್ಮಿಂದ ಮೂರು ಮನೆ ಆಚೆ ರಿಟೈರಾದ ನರ್ಸಮ್ಮ ಒಬ್ಬರಿದ್ದರು. ಎದೆಯ ಕ್ಯಾನ್ಸರ್ ಆಪರೇಷನ್ ಆದಮೇಲೆ ನನ್ನ ಹೆಂಡತಿಯ ಎಡಗೈ ಊದಿಕೊಂಡು ನೋಯುತ್ತಿತ್ತು. ದಿನಾ ಸಂಜೆ ಅವರು ಬಂದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆ ಕೈಯನ್ನು ಬೆರಳಿಂದ ಹೆಗಲವರೆಗೆ ಸವರುತ್ತಿದ್ದರು. "ಡಾಕ್ಟರ ಮಾತ್ರೆ ಬಿಡಬೇಡ ಮಾರಾಯ್ತಿ, ಇದು ಅದರ ಜೊತೆಗೆ," ಅಂತ ದಿನಾ ಹೇಳೋರು.

ಒಂದಿನ ನಾನು, "ಇಷ್ಟು ಮೆತ್ತಗೆ ಸವರಿದ್ರೆ ಏನಾಗುತ್ತಮ್ಮ? ನಾಳೆಯಿಂದ ನಾನೇ ತಿಕ್ತೀನಿ, ನೀವು ಬರೋದು ಬೇಡ," ಅಂದೆ.

"ಮೆಲ್ಲಗೆ ಮಾರಾಯ, ಇದು ನಿನ್ನ ಕಾರ್ಖಾನೆ ಕಬ್ಬಿಣ ಅಲ್ಲ," ಅಂತ ನಕ್ಕು ಎದ್ದು ಹೋದರು.

ಮರುದಿನದಿಂದ ಅವರು ಬರಲಿಲ್ಲ. ಕಾರ್ಖಾನೆಯಲ್ಲಿ ಲೇತ್ ಯಂತ್ರ ತಿರುಗಿಸಿ ಗಟ್ಟಿಯಾದ ಕೈಯಿಂದ ನಾನೇ ಒತ್ತಿ ತಿಕ್ಕಿದೆ. ಊತ ಇನ್ನೂ ಜಾಸ್ತಿಯಾಯಿತು. ತಪ್ಪು ಗೊತ್ತಾದರೂ ಹೋಗಿ ಕರೆಯಲು ನನ್ನ ಸೊಕ್ಕು ಬಿಡಲಿಲ್ಲ.

ಸಂಜೆಯಾದರೆ ಹೆಂಡತಿ ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಬಲ ಅಂಗೈಯನ್ನು ಸೀರೆಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ತನ್ನ ಎಡಗೈ ತಾನೇ ಸವರಿಕೊಳ್ಳುತ್ತಿದ್ದಳು.