ಡಕೋಟಾಕ್ಕೆ ಹಚ್ಚಿದ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ: ನನ್ನ ಸೋದರಮಾವ ಬದುಕಿದ್ದಾರೆ, ಈಗ ಮನೆಯಲ್ಲಿ ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಾರೆ. ಇದನ್ನು ಹೇಳದೆ ಶುರುಮಾಡಿದರೆ, ಬರೆಯುತ್ತ ಬರೆಯುತ್ತ ನಾನೇ ಇದನ್ನು ಬೇರೆ ಕಥೆ ಮಾಡಿಬಿಡುತ್ತೇನೆ ಎಂಬ ಭಯವಿದೆ. ನನ್ನ ನೆನಪು ಅಂಥ ಕೆಲಸ ಮಾಡುತ್ತದೆ ಎಂಬುದು ಈ ದಸರೆಯಲ್ಲಿ ಗೊತ್ತಾಯಿತು.

ನಾನು ಕಾಗದದ ವಿಮಾನ ಮಾಡುತ್ತೇನೆ. ಮಕ್ಕಳು ಮಡಚಿ ಹಾರಿಸುವಂಥದ್ದಲ್ಲ. ಹಳೆಯ ಸೇನಾ ವಿಮಾನಗಳ ಸಣ್ಣ ಮಾದರಿಗಳು. ವಿಮಾನದ ಚರ್ಮವನ್ನೆಲ್ಲ ಸುಲಿದು ಹರಡಿದಂತೆ ಕಾಣುವ ಹಾಳೆಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಘಾಟ್ಕೋಪರ್ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅವನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸುತ್ತೇನೆ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಮಡಿಕೆಯ ಗೆರೆ ಎಳೆಯಬೇಕು, ಒಡಲಿನ ತುಂಡುಗಳನ್ನು ಅವ್ವನ ಲಟ್ಟಣಿಗೆಯ ಮೇಲೆ ಉರುಳಿಸಿ ಬಾಗಿಸಬೇಕು, ಕತ್ತರಿಸಿದ ಅಂಚಿನಲ್ಲಿ ಇಣುಕುವ ಬಿಳಿಯನ್ನು ಬೂದುಬಣ್ಣದ ಪೆನ್ಸಿಲ್ಲಿನಿಂದ ಮುಚ್ಚಬೇಕು. ಕಾಗದ ಒಮ್ಮೆ ನೀರು ಕುಡಿದರೆ ಮತ್ತೆ ಸರಿಯಾಗುವುದಿಲ್ಲ. ಅದಕ್ಕೇ ಅಂಟನ್ನೂ ಕಡ್ಡಿಯ ತುದಿಯಲ್ಲಿ ಅಳೆದು ಹಚ್ಚುತ್ತೇನೆ.

ಮಾಮಾ ತಾರುಣ್ಯದಲ್ಲಿ ವಾಯುಸೇನೆಯಲ್ಲಿದ್ದವರು. ಹಾರಿಸುವವರಲ್ಲ, ನೆಲದ ಮೇಲೆ ವಿಮಾನವನ್ನು ಸಜ್ಜುಗೊಳಿಸುವವರು. ಅವರ ಹೊಟ್ಟೆಯಲ್ಲೊಂದು ಗಂಟು ಬೆಳೆದಿತ್ತು. ಪರೇಲಿನ ಆಸ್ಪತ್ರೆಯಲ್ಲಿ ಆಪರೇಷನ್ ದಿನ ಗೊತ್ತಾದಾಗಲೆಲ್ಲ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಇನ್ನು ತಡ ಮಾಡಿದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ ದಿನ ಮಾಮಾ ನನಗೆ ಫೋನ್ ಮಾಡಿದರು.

"ನಮ್ಮ ಡಕೋಟಾ ಮಾಡಿ ತೋರಸ್ತಿಯೇನೋ ತಮ್ಮಾ? ಕಣ್ತುಂಬ ಒಮ್ಮೆ ನೋಡಿ ಆಪರೇಶನ್ನಿಗೆ ಹೋಗ್ತೀನಿ."

"ಮಾತು ತಪ್ಪಬಾರದು ಮಾಮಾ."

"ನೀ ಮೊದಲ ರೆಕ್ಕಿ ಹಚ್ಚು. ಮಾತಿಂದು ಆಮ್ಯಾಲೆ."

ಬೆಳ್ಳಿಬಣ್ಣದ, ಎರಡು ಪಂಖಗಳ, ಬಾಲ ನೆಲಕ್ಕೆ ಊರಿ ಮೂತಿ ಎತ್ತಿ ನಿಲ್ಲುವ ಸಾಗಾಟದ ವಿಮಾನ ಅದು. ರೆಕ್ಕೆಯ ಅಗಲ ಒಂದೂವರೆ ಗೇಣು. ನವರಾತ್ರಿ ಮುಗಿಯುವಷ್ಟರಲ್ಲಿ ಮುಗಿಸಿ ಟೇಬಲ್ಲಿನ ಮೇಲೆ ಒಣಗಲು ಬಿಟ್ಟಿದ್ದೆ.

ನವಮಿಯ ದಿನ ನಮ್ಮ ಕಡೆ ಖಂಡೇ ಪೂಜೆ. ಮನೆಯ ಹತಾರುಗಳಿಗೆ, ಗಾಡಿಗಳಿಗೆ ಅರಿಶಿನ ಕುಂಕುಮ ಹಚ್ಚುವುದು. ಧಾರವಾಡ ಬಿಟ್ಟು ಬಂದು ಇಷ್ಟು ವರ್ಷವಾದರೂ ಅವ್ವ ಒಂದು ವರ್ಷವೂ ಬಿಟ್ಟಿಲ್ಲ. ನಾನು ಸ್ನಾನ ಮುಗಿಸಿ ಬಂದಾಗ ಈಳಿಗೆ, ಕತ್ತರಿ, ಮಿಕ್ಸರ್ ಎಲ್ಲ ಸಾಲಾಗಿ ಕೂತಿದ್ದವು. ಆ ಸಾಲಿನ ಕೊನೆಯಲ್ಲಿ ಡಕೋಟಾ. ಮೂತಿಯ ಮೇಲೆ ಹಸಿ ಕುಂಕುಮ, ಎರಡೂ ರೆಕ್ಕೆಗಳ ಮೇಲೆ ಮೂರು ಬೆರಳಿನ ಅರಿಶಿನದ ಗೆರೆ. ಗಾಲಿಗಳ ಕೆಳಗೆ ನಿಂಬೆಹಣ್ಣಿನ ಹೋಳು.

"ಅವ್ವಾ, ಇದೇನ್ ಮಾಡಿದಿ!"

"ಏನ್ ಮಾಡಿದ್ನಿ? ಸ್ಕೂಟರಿಗೆ ಹಚ್ಚೀನಿ, ವಿಮಾನಕ್ಕ ಬಿಡಾಕ ಬರತೈತೇನು? ಗಾಲಿ ಸಣ್ಣೂವು ಅಂತ ನಿಂಬಿಹಣ್ಣ ಸುದ್ದಾ ಹೋಳ ಮಾಡಿ ಇಟ್ಟೀನಿ."

"ಹಾಳಾತಲ್ಲ!"

"ಬಾಯಾಗ ಛಲೋ ಮಾತ ಬರಲಿ. ಆಸ್ಪತ್ರಿಗೆ ಹೊಂಟೈತಿ ಅದು. ಹಂಗ ಕಳಸ್ಲೇನು, ಬೋಳಿ ಹಣಿ ಮಾಡಿ?"

ಹತ್ತಿಯಿಂದ ಒತ್ತಿದೆ. ಬಣ್ಣ ಹರಡಿತಷ್ಟೆ. ರೆಕ್ಕೆ ಉಬ್ಬಿತ್ತು, ಒಂದು ಗಾಲಿ ಮೆತ್ತಗಾಗಿ ವಾಲಿತ್ತು. ಹೊಸದು ಮಾಡಲು ಸಮಯವಿರಲಿಲ್ಲ. ಆದರೆ ನನಗೊಂದು ಸಮಾಧಾನವಿತ್ತು: ಮಾಮಾ ಇದನ್ನೆಲ್ಲ ನಂಬದ ಮನುಷ್ಯ, ನೋಡಿ ನಕ್ಕುಬಿಡುತ್ತಾರೆ. ನಮ್ಮ ಇಡೀ ಬಳಗದಲ್ಲಿ ಖಂಡೇ ಪೂಜೆ ಮಾಡದವರು ಅವರೊಬ್ಬರೇ. ನಾವು ಪರೇಲಿನ ಚಾಳಿನಲ್ಲಿದ್ದಾಗ ಅವರು ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು, "ಯಂತ್ರಕ್ಕ ಬೇಕಾಗೂದು ಎಣ್ಣಿ, ಕುಂಕುಮ ಅಲ್ಲ" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಕುರ್ಚಿಯ ಹರಿದ ಹೆಣಿಕೆ ಕೂಡ ಕಣ್ಣಿಗೆ ಕಟ್ಟಿದಂತಿತ್ತು. ಕಾಲೇಜಿನಲ್ಲಿ, ಆಫೀಸಿನಲ್ಲಿ ಎಷ್ಟೋ ಕಡೆ ಆ ಮಾತನ್ನು ಹೇಳಿದ್ದೇನೆ. ದೇವರ ಕೋಣೆಯಿಂದ ನಾನು ಹೊರಗೆ ಬಂದದ್ದೇ ಆ ಮಾತಿನ ಕೈ ಹಿಡಿದು.

ದಸರೆಯ ಸಂಜೆ ವಿಮಾನವನ್ನು ಕೇಕಿನ ಡಬ್ಬಿಯಲ್ಲಿಟ್ಟುಕೊಂಡು ಅವ್ವನ ಜೊತೆ ಸ್ಲೋ ಲೋಕಲ್ ರೈಲು ಹತ್ತಿದೆ. ಮರುದಿನ ಬೆಳಿಗ್ಗೆ ಆಪರೇಷನ್. ವಾರ್ಡಿನಲ್ಲಿ ಮಾಮಾ ದಿಂಬಿಗೊರಗಿ ನಮ್ಮ ದಾರಿಯನ್ನೇ ನೋಡುತ್ತಿದ್ದರು. ಕನ್ನಡಕ ಹಾಕಿಕೊಂಡರು. ಡಬ್ಬಿ ತೆರೆದೆ.

ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಕುಂಕುಮ ಯಾರ್ ಹಚ್ಚಿದ್ರು?"

"ನಾನ," ಎಂದಳು ಅವ್ವ. "ನೀ ಅಂತೂ ಹಚ್ಚಲಿಲ್ಲ. ನಿನ್ನ ಪಾಲಿಂದು ನಾನ ಹಚ್ಚೀನಿ ಅಣ್ಣಾ."

"ಮುಚ್ಚು ಅದನ್ನ. ನಾಳಿ ನಾ ಹೋಗೂದಿಲ್ಲ. ಡಾಕ್ಟರಿಗೆ ಹೇಳ್ರಿ."

ನಾನು ನಗಲು ನೋಡಿದೆ. "ಮಾಮಾ, ನೀವು ಇದನ್ನೆಲ್ಲ ನಂಬೂದಿಲ್ಲಲ್ಲ?"

"ಯಾರಂದ್ರು?"

"ನೀವ ಅಂದಿದ್ರಿ. ಚಾಳಿನ ಗ್ಯಾಲರಿಯೊಳಗ. ಯಂತ್ರಕ್ಕ ಎಣ್ಣಿ ಬೇಕು, ಕುಂಕುಮ ಅಲ್ಲ ಅಂತ."

"ನಾ ಹಂಗ ಎಂದೂ ಅಂದಿಲ್ಲೋ."

ಅವ್ವ ನನ್ನತ್ತ ತಿರುಗಿದಳು. "ಅದನ್ನ ಅಂದಾಂವ ನೀನ. ಕಾಲೇಜಿಗೆ ಹೊಸದಾಗಿ ಹೊಂಟಿದ್ದಿ, ನಿಮ್ಮಪ್ಪನ ಜೋಡಿ ವಾದಾ ಹಾಕಿದ್ದಿ. ಅಣ್ಣ ಕುರ್ಚಿ ಮ್ಯಾಲ ಸುಮ್ನ ಕೂತಿದ್ದ."

ಅವಳು ಹೇಳಿದ್ದೇ ನಿಜವೋ, ನಾನು ಇಟ್ಟುಕೊಂಡದ್ದು ನಿಜವೋ, ಈಗಲೂ ಖಚಿತವಾಗಿ ಹೇಳಲಾರೆ. ಕುರ್ಚಿ ಮಾತ್ರ ಇಬ್ಬರ ನೆನಪಿನಲ್ಲೂ ಇದೆ.

ಮಾಮಾ ಕಿಟಕಿಯ ಕಡೆ ನೋಡುತ್ತ ಮಾತಾಡಿದರು. "ನಾನೂ ಹಚ್ಚತಿದ್ನಿ. ಹ್ಯಾಂಗರಿನಾಗ ಎಲ್ಲಾರೂ ಕೂಡಿ ಪೂಜಾ ಮಾಡತಿದ್ವಿ. ಆ ವರ್ಷ ಮೂತಿಗೆ ಕುಂಕುಮ ಹಚ್ಚಾಂವ ನಾ ಇದ್ದೆ. ಮರುದಿನ ಮುಂಜಾನೆ ಪೈಲಟ್ ಬಂದು ನೋಡಿ ನಕ್ಕ. 'ಆಜ್ ತೋ ದುಲ್ಹನ್ ಲಗ್ ರಹೀ ಹೈ' ಅಂದ, ಇವತ್ತ ಮದಲಗಿತ್ತಿ ಹಂಗ ಕಾಣಸ್ತಾಳ ಅಂತ. ಗಾಲಿ ಉರುಳದಂಗ ಮುಂದ ಇಟ್ಟ ಬೆಣೆ ತಗದಾಂವನೂ ನಾನ. ಗುಡ್ಡದ ಮ್ಯಾಲಿನ ಜವಾನರಿಗೆ ರೇಶನ್ ಒಗ್ಯಾಕ ಹೋತು. ಮೋಡದಾಗ ಹೊಕ್ಕತು. ಬರಲೇ ಇಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಷ್ಟ್ ವರ್ಷ ಒಂದ ಮಾತ ಹೇಳಲಿಲ್ಲಲ್ಲೋ ಅಣ್ಣಾ!"

ನಾನು ಸ್ಟೂಲು ಎಳೆದುಕೊಂಡು ಕೂತೆ. ಮಾಮಾ ನಂಬದವರಾಗಿರಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ನಂಬಿ, ಆ ನಂಬಿಕೆಗೆ ಹೆದರಿ ಕುಂಕುಮದ ಬಟ್ಟಲಿನಿಂದ ದೂರ ಕೂತಿದ್ದರು. ಆ ಮೌನಕ್ಕೆ ನನಗೆ ಬೇಕಾದ ಮಾತನ್ನು ನಾನೇ ತುಂಬಿ, ಅದರ ಮೇಲೆ ಅವರ ಹೆಸರು ಬರೆದುಕೊಂಡು ಇಷ್ಟು ದೂರ ಬಂದಿದ್ದೆ.

ಈಗ ಮಾಡಬಹುದಾದ್ದು ಒಂದೇ ಅನ್ನಿಸಿತು. ಡಬ್ಬಿ ಎತ್ತಿಕೊಂಡೆ. "ಇದನ್ನ ಒಯ್ತೀನಿ ಮಾಮಾ."

ಅವರು ನನ್ನ ಮಣಿಕಟ್ಟು ಹಿಡಿದರು. ರೋಗಿಯ ಹಿಡಿತವಾಗಿರಲಿಲ್ಲ ಅದು.

"ಎಲ್ಲಿಗಿ ಒಯ್ತಿ? ಹಚ್ಚಿ ಆಗೇತಿ. ಇನ್ನ ಇದು ಹೊರಗ ಹೋಗೂಹಂಗಿಲ್ಲ. ಇಳಸು."

ವಿಮಾನವನ್ನು ಹಾಸಿಗೆಯ ಪಕ್ಕದ ಕಪಾಟಿನ ಮೇಲಿಟ್ಟೆ. ಮಾಮಾ ಗುಳಿಗೆಯ ಖಾಲಿ ಪೆಟ್ಟಿಗೆ ಹರಿದು, ಉಗುರಿನಿಂದ ಗೆರೆ ಎಳೆದು ಮಡಚಿದರು. ಸಣ್ಣ ಬೆಣೆಗಳಾದವು. ಒಂದೊಂದನ್ನೇ ಗಾಲಿಗಳ ಮುಂದೆ, ಹಿಂದೆ ಒತ್ತಿ ಕೂರಿಸಿದರು. ವಾಲಿದ ಗಾಲಿಗೂ ಆಸರೆ ಸಿಕ್ಕಿತು.

"ನಾ ತಿರುಗಿ ಬರೂತನಕ ಇದು ಇಲ್ಲಿಂದ ಅಲಗಬಾರದು," ಎಂದರು. "ಹಂಗಂದ್ರ ನಾಳಿ ಹೋಗ್ತೀನಿ. ನೋಡ್ಕೋತಿಯೇನು?"

"ಹೂಂ," ಎಂದೆ.

ಬೆಳಿಗ್ಗೆ ಅವರನ್ನು ಸ್ಟ್ರೆಚರಿನ ಮೇಲೆ ಒಯ್ದರು. ಅವ್ವ ಥಿಯೇಟರಿನ ಬಾಗಿಲ ಹೊರಗೆ ಕೂತಳು. ನಾನು ಖಾಲಿ ಹಾಸಿಗೆಯ ಪಕ್ಕದಲ್ಲಿ, ವಿಮಾನ ಕಾಯುತ್ತ. ನಾನು ವಿಶ್ವವಿದ್ಯಾಲಯದಲ್ಲಿ ಓದಿದವನು, ಇದು ಮಾಮಾಗೆ ಕೊಟ್ಟ ಮಾತು ಅಷ್ಟೆ, ಬೇರೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಾರ್ಡ್ ಒರೆಸುವ ಮೌಶಿ ಬಂದು, ಕಪಾಟು ಒರೆಸಲೆಂದು ವಿಮಾನದ ರೆಕ್ಕೆಗೆ ಕೈ ಹಾಕಿದರು.

"ಹಾತ್ ಲಾವೂ ನಕಾ!"

ಮುಟ್ಟಬೇಡಿ ಎಂಬ ಆ ಮರಾಠಿ ಕೂಗು ನನ್ನದೆಂದು ತಿಳಿಯಲು ಕ್ಷಣ ಹಿಡಿಯಿತು. ಇಡೀ ವಾರ್ಡು ತಿರುಗಿ ನೋಡುತ್ತಿತ್ತು. "ಏವಢಂ ಕಾಯ್ ಝಾಲಂ? ಖೇಳಣಂಚ್ ಆಹೇ ನಾ?" ಎಂದರು ಮೌಶಿ, ಆಟಿಕೆಗೆ ಇಷ್ಟೇಕೆ ಎಂಬಂತೆ. ಕ್ಷಮೆ ಕೇಳಿದೆ. ಆದರೆ ನನ್ನ ಬೆರಳುಗಳು ಆಗಲೇ ಮುಂದಿನ ಬೆಣೆಗಳನ್ನು ಒತ್ತಿ ಹಿಡಿದಿದ್ದವು, ತೆಗೆಯಬೇಕೆಂದರೂ ಬರಲಿಲ್ಲ. ಮೌಶಿ ತಲೆಯಾಡಿಸಿ ವಿಮಾನದ ಸುತ್ತಲಷ್ಟೇ ಒರೆಸಿಕೊಂಡು ಹೋದರು. ಮಾಮಾನ ಸ್ಟ್ರೆಚರ್ ವಾರ್ಡಿನ ಬಾಗಿಲಲ್ಲಿ ಕಾಣುವವರೆಗೆ ನಾನು ಚಹಾಕ್ಕೂ ಏಳಲಿಲ್ಲ.