ಬಿದ್ದವನೇ ದಾರಿ ತಿದ್ದಬೇಕು

ಸೈಕಲ್ಲಿನಿಂದ ಬೀಳುವುದರಲ್ಲಿ ನಾನು ನುರಿತವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ನಾಚಿಕೆಯೂ ಈಗ ಉಳಿದಿಲ್ಲ. ಎಡಕ್ಕೆ ಬಿದ್ದರೆ ಮೊಣಕಾಲು, ಬಲಕ್ಕೆ ಬಿದ್ದರೆ ಮೊಣಕೈ, ಮುಂದಕ್ಕೆ ಬಿದ್ದರೆ ಕನ್ನಡಕ ಎಂಬ ಪಾಠ ನನ್ನ ಮೈಗೆ ಬಾಯಿಪಾಠವಾಗಿದೆ. ಹಾನಗಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರನೊಬ್ಬ ಐವತ್ತೆರಡನೆಯ ವಯಸ್ಸಿನಲ್ಲಿ ದಪ್ಪ ಟಾಯರಿನ ಗೇರ್ ಸೈಕಲ್ ಕೊಂಡರೆ ಊರು ಏನನ್ನುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ನನ್ನ ಹೆಂಡತಿ ಸುಮಂಗಲಾ ಅಂದದ್ದನ್ನಷ್ಟೇ ಹೇಳುತ್ತೇನೆ: “ಶುಗರ್ ಕಡಿಮಿ ಆಗ್ಲಿ ಅಂತ ಡಾಕ್ಟರು ನಡೀರಿ ಅಂದಿದ್ರು. ಹಾರ್ರಿ ಅಂದಿದ್ದಿಲ್ಲ.”

ಆಡೂರಿನ ಕಡೆ ಒಂದು ಕುರುಚಲು ಕಾಡಿದೆ. ಒಂದಿಷ್ಟು ತೇಗ, ಒಂದಿಷ್ಟು ಮುಳ್ಳುಕಂಟಿ, ನಡುನಡುವೆ ಕವಳಿ ಹಣ್ಣಿನ ಗಿಡ. ಅಲ್ಲಿ ದನಗಳು ತುಳಿದು ಮಾಡಿದ ಹಳೆಯ ದಾರಿಗಳನ್ನು ಒಂದಕ್ಕೊಂದು ಜೋಡಿಸಿ ನಾವು ಹತ್ತು ಹನ್ನೆರಡು ಮಂದಿ ಸೈಕಲ್ ಹೊಡೆಯಲು ದಾರಿ ಮಾಡಿಕೊಂಡಿದ್ದೇವೆ. ನಮಗೆ ಸಂಘವಿಲ್ಲ, ಅಧ್ಯಕ್ಷರಿಲ್ಲ, ಹಾಗಾಗಿ ಜಗಳವೂ ಇಲ್ಲ. ಇರುವುದು ಎರಡು ಸಲಿಕೆ, ಒಂದು ಗುದ್ದಲಿ, ಒಂದು ಬುಟ್ಟಿ ಮತ್ತು ಒಂದೇ ಒಂದು ಕಾನೂನು: ಬಿದ್ದವನೇ ದಾರಿ ತಿದ್ದಬೇಕು. ಈ ಕಾನೂನು ಮಾಡಿದವರು ಸೈಕಲ್ ರಿಪೇರಿ ಅಂಗಡಿಯ ಮೌಲಾಸಾಬರು. ಯಾರಾದರೂ ಬಿದ್ದರೆ ಅವರು ಮೊದಲು “ಪೆಟ್ಟಾತೇನ್ರಿ?” ಎಂದು ಕೇಳುತ್ತಾರೆ. ಇಲ್ಲ ಎಂದ ಕೂಡಲೇ ಕೈಗೆ ಸಲಿಕೆ ಕೊಡುತ್ತಾರೆ.

“ಎಲ್ಲಿ ಕೆಟ್ಟೈತಿ ಅನ್ನೋದು ಬಿದ್ದಾಂವಗ ಗೊತ್ತಿದ್ದಷ್ಟು ಮತ್ಯಾರಿಗೆ ಗೊತ್ತಿರ್ತೈತ್ರಿ, ಸರ?” ಎಂಬುದು ಅವರ ವಾದ.

ಮಾಡಿದ್ದನ್ನು ಕೆಡದಂತೆ ಕಾಯಬೇಕೆಂಬ ಮಾತು ಇತಿಹಾಸದ ಮಾಸ್ತರನಿಗೆ ಹೊಸದಲ್ಲ. ನಮ್ಮ ಭಾಗದ ಊರೂರಲ್ಲೂ ದಾನಶಾಸನದ ಕಲ್ಲುಗಳಿವೆ. ಇಂಥ ಶಾಸನಗಳ ಕೊನೆಗೆ ಬಹಳ ಸಲ ಒಂದೇ ತಾತ್ಪರ್ಯದ ಮಾತು ಬರುತ್ತದೆ: ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಕಾಯುವುದೇ ದೊಡ್ಡ ಪುಣ್ಯ, ಕೆಡಿಸಿದವನು ಸಾವಿರಾರು ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಹುಡುಗರಿಗೆ ಇದನ್ನು ಹೇಳುವಾಗ ಹುಳುವಿನ ಭಾಗಕ್ಕೆ ನಗು ಬರುತ್ತದೆ, ಕಾಯುವ ಭಾಗಕ್ಕೆ ಆಕಳಿಕೆ ಬರುತ್ತದೆ. ನನಗೂ ಬರುತ್ತಿತ್ತು, ಕೈಗೆ ಸಲಿಕೆ ಬರುವವರೆಗೆ.

ನಮ್ಮ ದಾರಿಯಲ್ಲಿ ಹುಣಸೆಮರದ ಹತ್ತಿರ ಒಂದು ಇಳಿಜಾರಿದೆ, ಅದರ ಬುಡದಲ್ಲಿ ಒಂದು ತಿರುವು. ಇಳಿಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ನಾನು ಮಾಸ್ತರನಲ್ಲ, ಶುಗರಿನವನಲ್ಲ, ಯಾರ ಉತ್ತರಪತ್ರಿಕೆಯನ್ನೂ ತಿದ್ದಬೇಕಾದವನಲ್ಲ. ಕಿವಿಯ ತುಂಬ ಗಾಳಿ, ಹೊಟ್ಟೆಯ ತುಂಬ ನಗು. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ತಿರುವು ಬಂತೆಂದರೆ ನಾನು ಬಿದ್ದೆ ಎಂದೇ ಲೆಕ್ಕ.

ಮೊದಲ ಸಲ ಬಿದ್ದಾಗ ಕಾನೂನಿನಂತೆ ಸಲಿಕೆ ಹಿಡಿದೆ. ನೋಡಿ, ನಾವು ಮಳೆ ನಂಬಿದ ಬೆದ್ದಲು ಹೊಲದ ಜನ. ಇಳಿಜಾರು ಕಂಡರೆ ಮಣ್ಣು ಎಳೆದು ಅಡ್ಡಕ್ಕೆ ಒಡ್ಡು ಹಾಕುವುದು, ಬಿದ್ದ ಹನಿ ಹೊಲ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ನಮ್ಮ ರಕ್ತದಲ್ಲಿದೆ. ಅಪ್ಪ ಕಲಿಸಿದ್ದನ್ನೇ ಮಾಡಿದೆ. ತಿರುವಿಗೆ ಅಡ್ಡವಾಗಿ ಚೆಂದನೆಯ ಒಡ್ಡು ಹಾಕಿ, ಸಲಿಕೆಯ ಬೆನ್ನಿನಿಂದ ತಟ್ಟಿ ಮನೆಗೆ ಬಂದೆ. ಮುಂದಿನ ವಾರ ಮಳೆ ಬಂತು. ರವಿವಾರ ಹೋಗಿ ನೋಡಿದರೆ ತಿರುವಿನಲ್ಲಿ ನೀರು ನಿಂತು ಎರಡು ಎಮ್ಮೆ ಆರಾಮಾಗಿ ಮಲಗಿದ್ದವು. ಅಂದು ಅಲ್ಲಿ ಬೀಳದವರೇ ಇಲ್ಲ. ಸಲಿಕೆಗೆ ಪಾಳಿ ಹಚ್ಚಬೇಕಾಯಿತು.

“ಸರ, ದಾರಿ ಮಾಡೀರೋ, ಕೆರಿ ಕಟ್ಟೀರೋ?” ಅಂದರು ಮೌಲಾಸಾಬರು.

ಒಡ್ಡು ಒಡೆದೆ. ಆದರೆ ಒಡ್ಡಿಗೆಂದು ಮಣ್ಣು ತೆಗೆದ ತಗ್ಗು ಉಳಿಯಿತು, ಕೆಸರೂ ಉಳಿಯಿತು. ನಾಲ್ಕನೆಯ ಸಲ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗ ಸುಮಂಗಲಾ ತೀರ್ಪು ಕೊಟ್ಟಳು: “ಖಂಡೇನವಮಿ ಒಳಗ ನನ್ನ ಕಣ್ಣಮುಂದ ಒಮ್ಮೆರೆ ಬೀಳದ ಇಳದು ತೋರಸ್ರಿ. ಇಲ್ಲಂದ್ರ ಈ ಸೈಕಲ್ಲಿನ ಪೂಜಿ ಹಿರೇಬೆಂಡಿಗೇರ್‍ಯಾಗ, ನಮ್ಮ ತಮ್ಮನ ಮನ್ಯಾಗ.” ಖಂಡೇನವಮಿ ಎಂದರೆ ಆಯುಧ, ವಾಹನಗಳಿಗೆಲ್ಲ ಪೂಜೆ ಮಾಡುವ ದಿನ. ಆಕೆ ಹೆದರಿಸಲು ಹೇಳಿದ ಮಾತಲ್ಲ ಅದು. ನನ್ನ ಎಲುಬಿನ ಚಿಂತೆ ಆಕೆಗೆ ನನಗಿಂತ ಹೆಚ್ಚು. ಸೈಕಲ್ಲಿನ ಜೊತೆ ಆ ಅರ್ಧ ನಿಮಿಷದ ಗಾಳಿಯೂ ಕೈತಪ್ಪುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಹಬ್ಬದ ಹಿಂದಿನ ರವಿವಾರ ಆಕೆ ಬಂದಳು. ರೊಟ್ಟಿಯ ಗಂಟು ಪಕ್ಕಕ್ಕಿಟ್ಟು, ಹುಣಸೆಮರದ ಕೆಳಗಿನ ಬಂಡೆಯ ಮೇಲೆ ಪರೀಕ್ಷಕಳಂತೆ ಕುಳಿತಳು. ನಾನು ಮೇಲಿಂದ ಸೈಕಲ್ ಬಿಟ್ಟೆ. ಬೇರು ದಾಟಿತು, ಕಲ್ಲು ದಾಟಿತು, ತಿರುವೂ ಮುಕ್ಕಾಲು ಪಾಲು ದಾಟಿತು. ಗೆದ್ದೆ ಅನ್ನಿಸಿತು. ಅಲ್ಲಿಗೆ ಸುಮ್ಮನಿರಬಾರದೇ? ಆಕೆ ನೋಡುತ್ತಿದ್ದಾಳೋ ಇಲ್ಲವೋ ಎಂದು ಕತ್ತು ಹೊರಳಿಸಿದೆ. ಕೆಸರಿನಲ್ಲಿ ಬೋರಲಾಗಿ ಬಿದ್ದಾಗ ಮೊದಲು ನೆನಪಾದದ್ದು ಶಾಸನದ ಹುಳು.

ಮೌಲಾಸಾಬರು ಪದ್ಧತಿಯಂತೆ ಸಲಿಕೆ ತಂದರು. ಸುಮಂಗಲಾ ನನ್ನ ಮೊಣಕಾಲು ನೋಡಿದಳು, ಕೈಕಾಲು ಆಡಿಸಿ ನೋಡಿದಳು. ಆಮೇಲೆ ಬಹಳ ಹೊತ್ತು ನೆಲ ನೋಡಿದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ಸಲಿಕೆ ಕಸಿದುಕೊಂಡಳು.

“ಬಿದ್ದಾವ್ರು ನಮ್ಮ ಸರು. ಸಲಿಕಿ ನಿಮ್ಮ ಕೈಯಾಗ್ಯಾಕ್ರಿ, ಅಕ್ಕಾರ?” ಎಂದು ಮೌಲಾಸಾಬರು ಕಾನೂನು ಎತ್ತಿದರು.

“ಇವ್ರು ತಿದ್ದಿದ್ದಕ್ಕ ಇವ್ರು ಬೀಳಾಕತ್ತಾರ್ರಿ. ಒಡ್ಡು ಒಡದಾರ ಖರೆ, ನೀರಿಗೆ ಹೋಗಾಕ ದಾರೀನ ಬಿಟ್ಟಿಲ್ಲ.”

ತಗ್ಗಿನಿಂದ ಇಳುಕಲಿನ ಕಡೆಗೆ ಓರೆಯಾಗಿ ಒಂದು ಗಟಾರ ತೆಗೆದಳು, ತಗ್ಗಿಗೆ ಸಣ್ಣಕಲ್ಲಿನ ಗರಸುಮಣ್ಣು ತುಂಬಿದಳು, ಕಾಲಿನಿಂದ ತುಳಿದಳು. ನಿಂತ ನೀರು ನಮ್ಮೆಲ್ಲರ ಕಣ್ಣೆದುರೇ ಹರಿದು ಹೋಯಿತು. ಆಕೆಯೂ ಒಕ್ಕಲುಮನೆಯ ಮಗಳು. ನನಗೆ ನೀರು ನಿಲ್ಲಿಸುವುದಷ್ಟೇ ಗೊತ್ತಿತ್ತು. ಬಿಡುವುದೂ ಆಕೆಗೆ ಗೊತ್ತಿತ್ತು.

ಖಂಡೇನವಮಿ ಬಂತು. ಸೋತವನು ನಾನು. ಮಾತಿಗೆ ತಪ್ಪಬಾರದೆಂದು ಸೈಕಲ್ಲನ್ನು ತೊಳೆದು, ಹಿರೇಬೆಂಡಿಗೇರಿಗೆ ಕಳಿಸಲು ಪಡಸಾಲೆಯಲ್ಲಿ ನಿಲ್ಲಿಸಿದೆ. ಸುಮಂಗಲಾ ಅದಕ್ಕೆ ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದಳು. ಆಮೇಲೆ ಒಳಗೆ ಹೋಗಿ ಹೊಸದೊಂದು ಸಲಿಕೆ ತಂದು ಸೈಕಲ್ಲಿನ ಪಕ್ಕಕ್ಕಿಟ್ಟು ಅದಕ್ಕೂ ಹೂವು ಏರಿಸಿದಳು.

“ಬರೂ ರವಿವಾರ ಆ ತಿರುವಿನಾಗ ಬೀಳಬ್ಯಾಡ್ರಿ,” ಅಂದಳು ಊದಿನಕಡ್ಡಿ ಹಚ್ಚುತ್ತ. “ಒಂದೀಟು ಮ್ಯಾಲ ಬೀಳ್ರಿ. ಅಲ್ಲೂ ದಾರಿ ಕೆಟ್ಟೈತಿ.”