ಮೂರು ಸಲ ಬಡಿದೆವು, ಲಭ್ಯವಿಲ್ಲ

ಕಿವಿ ಕೇಳಿಸದವರಿಗೆ ಬಾಗಿಲು ಬಡಿದ ಸದ್ದು ಕೇಳಿಸುವುದಿಲ್ಲ. ಇದು ಮೂರು ವರ್ಷದ ಮಗುವಿಗೂ ಗೊತ್ತು. ಗೊತ್ತಿಲ್ಲದೆ ಹೋದದ್ದು ಒಂದು ಕಚೇರಿಗೆ. ಅಲ್ಲಿ ಕೂತವರೆಲ್ಲ ಪದವಿ ಓದಿದವರು.

ಆ ಕಚೇರಿಗೆ ಕೆಲಸ ಕಲಿಯಲು ಹೋದ ಒಬ್ಬಳ ಕಥೆ ಇದು. ವಯಸ್ಸು ಮೂವತ್ತೇಳು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ. ಒಗೆಯುವುದು ಯಂತ್ರ; ತುಂಬುವುದು, ಹಿಂಡಿ ಬಂದದ್ದನ್ನು ಎಳೆಯುವುದು, ಮಡಿಸಿ ಅಟ್ಟಿ ಕಟ್ಟುವುದು ಇವಳು. ಬೆಳಗಿನ ಪಾಳಿ ಐದಕ್ಕೆ ಶುರು, ಒಂದಕ್ಕೆ ಮುಗಿತಾಯ. ಎರಡಕ್ಕೆ ಕಾಲೇಜು. ಓದುತ್ತಿದ್ದದ್ದು ಸಮಾಜಕಾರ್ಯ.

ಅದನ್ನೇ ಯಾಕೆ ಹಿಡಿದಳು ಎಂದರೆ, ಅವಳ ಅಮ್ಮ ತೀರಿಕೊಂಡದ್ದು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಸುದ್ದಿಯನ್ನು ವಾರ್ಡಿನವರು ಫೋನಿನಲ್ಲಿ ಕೂಗಿ ಹೇಳಬಹುದಿತ್ತು. ಆದರೆ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಕೂರುತ್ತಿದ್ದ ಸಮಾಜಕಾರ್ಯಕರ್ತೆ ತಾನೇ ನೆಲಮಾಳಿಗೆಗೆ ಇಳಿದು ಬಂದರು. ಬಂದವರು ಮೊದಲು ಯಂತ್ರಗಳನ್ನು ನಿಲ್ಲಿಸಲು ಹೇಳಿದರು. ಐದೂ ಯಂತ್ರ ನಿಂತವು. ಆಮೇಲೆ ಮೆಲ್ಲಗೆ ಹೇಳಿದರು. ಲಾಂಡ್ರಿಯ ಯಂತ್ರಗಳು ಲಾಂಡ್ರಿಯವರಿಗಾಗಿ ನಿಂತದ್ದು ಅದೊಂದೇ ಸಲ. ಒಬ್ಬರ ನೋವಿಗೆ ಯಂತ್ರ ನಿಲ್ಲಿಸುವ ಕೆಲಸವೂ ಲೋಕದಲ್ಲಿದೆ ಎಂದು ಇವಳಿಗೆ ಗೊತ್ತಾದದ್ದು ಹಾಗೆ.

ಕಾಲೇಜಿನ ಮೊದಲ ತಿಂಗಳಲ್ಲಿ ಮೇಷ್ಟ್ರು ಒಂದು ಹಾಳೆ ಕೊಟ್ಟು, ಐದು ವರ್ಷದ ನಂತರ ನಿಮ್ಮ ವೃತ್ತಿಯ ಗುರಿ ಏನು ಬರೆಯಿರಿ ಎಂದರು. ಹುಡುಗ ಹುಡುಗಿಯರು ಪುಟ ತುಂಬ ಬರೆದರು. ಇವಳು ಬರೆದದ್ದು ಒಂದೇ ಸಾಲು: ದೊಡ್ಡಾಸ್ಪತ್ರೆ, ಎರಡನೇ ಮಹಡಿ, ಮೂಲೆ ಕೋಣೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ "ಇದು ವಿಳಾಸ, ಗುರಿ ಅಲ್ಲ" ಎಂದು ಬರೆದು ಹಿಂತಿರುಗಿಸಿದರು. ಅವಳು ಅದನ್ನು ತನ್ನ ಕೋಣೆಯ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಳು. ಹೊರಗೆ ಅಂಟಿಸಿದರೆ ನೋಡಿ ನಗುವವರು ಯಾರೂ ಬರುತ್ತಿರಲಿಲ್ಲ. ಆದರೂ ಒಳಗೇ ಅಂಟಿಸಿದಳು.

ಅವಳ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಒಂದು ಮಂಚ, ಒಂದು ಸ್ಟೌ, ಇಸ್ತ್ರಿ ಹಲಗೆಯೇ ಓದುವ ಮೇಜು. ಅಣ್ಣನ ಮನೆ ಊರಿನ ಇನ್ನೊಂದು ತುದಿಯಲ್ಲಿ. ಕಾಲೇಜಿಗೆ ಸೇರಿದ ಸುದ್ದಿ ಹೇಳಲು ಹೋದಾಗ ಅತ್ತಿಗೆ ತಟ್ಟೆ ಒರೆಸುತ್ತಲೇ ಕೇಳಿದ್ದರು:

"ಸಮಾಜಸೇವೆ ಮಾಡೋರು ಬೀದಿಗೆ ಹತ್ತು ಜನ ಪುಕ್ಕಟೆ ಸಿಗ್ತಾರೆ. ಅದಕ್ಕೆ ಪರೀಕ್ಷೆ ಬೇರೆ ಬರೀಬೇಕಾ?"

"ಸೇವೆ ಅಲ್ಲ ಅತ್ತಿಗೆ, ಕಾರ್ಯ."

"ಹೂಂ, ಕಾರ್ಯ. ನಿನ್ನ ಮದುವೆ ಕಾರ್ಯ ಒಂದು ಬಿಟ್ಟು ಉಳಿದದ್ದೆಲ್ಲ ಆಯ್ತು."

ಅಣ್ಣ ಪೇಪರಿನ ಹಿಂದಿನಿಂದ ಮುಖ ತೆಗೆಯಲಿಲ್ಲ.

ಲಾಂಡ್ರಿಯಲ್ಲಿ ಅವಳಿಗೆ ಹೊಸ ಹೆಸರು ಬಿತ್ತು: ಸಮಾಜ. "ಸಮಾಜ ಬಂತು, ದಾರಿ ಬಿಡ್ರೇ." "ಸಮಾಜದ ಕೈಗೆ ಒದ್ದೆ ಚಾದರ ಕೊಡಬೇಡ್ರೇ, ಪೆನ್ನು ಹಿಡಿಯೋ ಕೈ." ಕೆಟ್ಟ ಮನಸ್ಸಿನವರಲ್ಲ ಅವರು. ಆದರೆ ಹದಿಮೂರು ವರ್ಷ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟವರು ಆಮೇಲಾಮೇಲೆ ಸರಿಯುವುದನ್ನು ಮರೆತರು. ಅವಳು ನಿಂತೇ ಟೀ ಕುಡಿಯುವುದನ್ನು ಕಲಿತಳು. ಕಾಲೇಜಿನಲ್ಲಿ ಅವಳು ಆಂಟಿ. ವರ್ಷದ ಕೊನೆಗೆ ತರಗತಿಯವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಾಗ ಒಬ್ಬಳು ಓಡಿ ಬಂದು ಫೋನು ಕೈಗಿತ್ತು, "ಆಂಟಿ, ನೀವು ತೆಗೀತೀರಾ?" ಎಂದಳು. ತೆಗೆದಳು. ಚೆನ್ನಾಗಿ ಬಂತು. ಆ ಚಿತ್ರದಲ್ಲಿ ಮೂವತ್ತೊಂದು ಜನರಿದ್ದಾರೆ. ಆ ತರಗತಿಯಲ್ಲಿ ಓದಿದವರು ಮೂವತ್ತೆರಡು.

ಎರಡನೇ ವರ್ಷ ಕ್ಷೇತ್ರಕಾರ್ಯ. ಎಂದರೆ, ವಾರಕ್ಕೊಂದು ದಿನ ನಿಜವಾದ ಕಚೇರಿಯೊಂದಕ್ಕೆ ಹೋಗಿ ಕೆಲಸ ಮಾಡಿ, ವರದಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಸಮಾಜಳಿಗೆ ಬುಧವಾರ ಸಿಕ್ಕಿತು. ಅಶಕ್ತರಿಗೆ ಊರುಗೋಲು, ಗಾಲಿಕುರ್ಚಿ, ಕಿವಿ ಮೆಷಿನ್ ಹಂಚುವ ನೆರವಿನ ಕಚೇರಿ ಸಿಕ್ಕಿತು. ಲಾಂಡ್ರಿಯ ಮೇಲ್ವಿಚಾರಕನ ಕೈಕಾಲು ಹಿಡಿದು ಬುಧವಾರದ ರಜೆ ಪಡೆದಳು. ಅದೇ ಹೊತ್ತಿಗೆ ಆಸ್ಪತ್ರೆಯ ಮೂಲೆ ಕೋಣೆಯವರು ನಿವೃತ್ತರಾಗುವ ಸುದ್ದಿಯೂ ಬಂತು. ಆ ಹುದ್ದೆಗೆ ಬೇಕಾದದ್ದು ಎರಡು: ಪದವಿ, ಮತ್ತು ಕ್ಷೇತ್ರಕಾರ್ಯ ಮಾಡಿದ ಕಚೇರಿಯಿಂದ ಶಿಫಾರಸು ಪತ್ರ. ಪತ್ರ ಬರೆಯಬೇಕಾದವರು ಕಚೇರಿಯ ಮುಖ್ಯಸ್ಥೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

ಕಚೇರಿಯ ಪದ್ಧತಿ ಹೀಗೆ. ಅರ್ಜಿ ಬಂದರೆ ಮನೆ ಭೇಟಿ. ಫೈಲಿನಲ್ಲಿ ಭೇಟಿಗೆಂದೇ ಮೂರು ಚೌಕ. ಬಾಗಿಲು ತೆರೆಯದಿದ್ದರೆ ಚೌಕದಲ್ಲಿ "ಲಭ್ಯವಿಲ್ಲ" ಎಂದು ಬರೆಯಬೇಕು. ಮೂರೂ ಚೌಕ ತುಂಬಿದರೆ ಫೈಲು ಮುಕ್ತಾಯ. ಸಮಾಜಳ ಕೈಗೆ ಬಂದ ಮೊದಲ ಫೈಲಿನಲ್ಲಿ ಆಗಲೇ ಎರಡು ಚೌಕ ತುಂಬಿದ್ದವು. ಅರ್ಜಿದಾರಳು ನೂಲಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಕಿವಿ ಕಳೆದುಕೊಂಡ ಹೆಂಗಸು. ಕೇಳಿದ್ದು ಕಿವಿ ಮೆಷಿನ್.

ಸಮಾಜ ಮೂರು ಮಹಡಿ ಹತ್ತಿದಳು. ಬಾಗಿಲು ಬಡಿದಳು. ಕಾದಳು. ಮತ್ತೆ ಬಡಿದಳು. ಚೌಕದಲ್ಲಿ ಮುದ್ದಾದ ಅಕ್ಷರದಲ್ಲಿ "ಲಭ್ಯವಿಲ್ಲ" ಎಂದು ಬರೆದಳು. ಫೈಲು ಮುಚ್ಚಿತು. "ಅಚ್ಚುಕಟ್ಟು" ಎಂದರು ಮೇಡಂ.

ಹೌದು, ಅವಳೇ. ಇವಳಾದರೂ ಬೇರೆ ಎಂದು ನೀವು ಕಾಯುತ್ತಿದ್ದಿರೇನೋ. ಕುರ್ಚಿಯ ಆಸೆ ಬಂದ ದಿನ ಎಂಥವರಿಗೂ ಚೌಕವೊಂದೇ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ.

ಮಾರನೇ ಬೆಳಿಗ್ಗೆ ಲಾಂಡ್ರಿಯಲ್ಲಿ ಐದೂ ಯಂತ್ರ ಗಡಗಡ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ಮುಖ ಕಂಡರೆ ತುಟಿಯಲ್ಲೇ ಮಾತು. ಬೆನ್ನು ತಿರುಗಿಸಿದವರನ್ನು ಕರೆಯಬೇಕಾದರೆ ಗೋಡೆಯ ಸ್ವಿಚ್ಚು ಒತ್ತಿ ದೀಪ ಎರಡು ಸಲ ಆರಿಸಿ ಹಚ್ಚುತ್ತಾರೆ. ಯಾರೋ ದೀಪ ಆರಿಸಿ ಹಚ್ಚಿದರು. ಸಮಾಜ ತಿರುಗಿ ನೋಡಿದಳು. ಕೈಯಲ್ಲಿದ್ದ ಒದ್ದೆ ಚಾದರ ಅಲ್ಲೇ ನಿಂತಿತು.

ಹದಿನಾಲ್ಕು ವರ್ಷದಿಂದ ಗೊತ್ತಿದ್ದ ವಿದ್ಯೆ. ಕಚೇರಿಗೆ ಹೋಗುವಾಗ ಲಾಂಡ್ರಿಯ ಬುದ್ಧಿಯನ್ನೂ ಏಪ್ರನ್ನಿನ ಜೊತೆ ಮೊಳೆಗೆ ನೇತುಹಾಕಿ ಹೋಗಿದ್ದಳು.

ಮುಂದಿನ ಬುಧವಾರ ಯಾರೂ ಹೇಳದಿದ್ದರೂ ಹೋದಳು. ಹಳೆಯ ಕಟ್ಟಡ, ಪ್ರತಿ ಕೋಣೆಯ ಮೇನ್ ಸ್ವಿಚ್ಚು ಹೊರಗೆ, ಬಾಗಿಲ ಪಕ್ಕದಲ್ಲಿ. ಒಳಗೆ ಕಿಟಕಿಯಿಲ್ಲದ್ದರಿಂದ ಹಗಲಲ್ಲೂ ದೀಪ; ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು. ಹೋದ ವಾರವೂ ಕಾಣುತ್ತಿತ್ತು. ಸ್ವಿಚ್ಚು ಕೆಳಗೆ, ಮೇಲೆ, ಕೆಳಗೆ, ಮೇಲೆ.

ಬಾಗಿಲು ಧಡಾರನೆ ತೆರೆಯಿತು. "ಯಾವನೋ ಅವನು, ನನ್ನ ಕರೆಂಟಿನ ಜೊತೆ ಆಟ ಆಡೋನು?"

ಸಮಾಜ ಮುಖವನ್ನು ಬೆಳಕಿಗೆ ಹಿಡಿದು, ದನಿ ಎತ್ತದೆ, ತುಟಿ ಬಿಡಿಸಿ ಹೇಳಿದಳು: "ನಾನಮ್ಮಾ. ನೆರವಿನ ಕಚೇರಿಯಿಂದ."

ಮಿಲ್ಲಮ್ಮ, ಇಡೀ ಕಟ್ಟಡ ಆಕೆಯನ್ನು ಕರೆಯುವುದೇ ಹಾಗೆ, ಅವಳ ತುಟಿಯನ್ನು ದಿಟ್ಟಿಸಿದಳು. "ಕಚೇರಿಯಿಂದಾನಾ? ಅರ್ಜಿ ಹಾಕಿ ಒಂದೂವರೆ ವರ್ಷ ಆಯ್ತಲ್ಲೇ ತಾಯಿ. ತೆವಳ್ಕೊಂಡು ಬಂದ್ಯಾ?"

"ಮೂರು ಸಲ ಬಂದಿದ್ವಿ. ಬಾಗಿಲು ಬಡಿದ್ವಿ."

"ಏನು ಮಾಡಿದ್ರಿ?"

"ಬಡಿದ್ವಿ."

"ನನ್ನ ಬಾಗಿಲನ್ನ?"

"ಹೂಂ."

ಮಿಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ಮಂಚದ ಮೇಲೆ ಕುಸಿದು ಕೂತು ನಕ್ಕಳು. "ಕಿವುಡಿ ನಾನೋ ಅವರೋ? ಮೆಷಿನ್ನು ಅವರೇ ಹಾಕ್ಕೊಳ್ಳಲಿ ಬಿಡು." ಕಣ್ಣು ಒರೆಸಿಕೊಂಡು ಕೇಳಿದಳು: "ತುಟಿ ಮಾತು ಎಲ್ಲಿ ಕಲಿತೆ? ಯಾವ ಮಿಲ್ಲು?"

"ಮಿಲ್ಲಲ್ಲ. ಲಾಂಡ್ರಿ."

ಕಾಲೇಜಿನಲ್ಲಾಗಲಿ ಕಚೇರಿಯಲ್ಲಾಗಲಿ ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಕಚೇರಿಗೆ ಬಂದು ಮುಕ್ತಾಯವಾದ ಫೈಲುಗಳ ಬೀರು ತೆರೆದಳು. ಕಡತ ಜೋಡಿಸುವುದು ವಿದ್ಯಾರ್ಥಿಗಳ ಕೆಲಸವೇ ಆದ್ದರಿಂದ ಯಾರೂ ತಡೆಯಲಿಲ್ಲ. ಕಿವಿ ಮೆಷಿನ್ ಕೇಳಿ "ಲಭ್ಯವಿಲ್ಲ" ಎನಿಸಿಕೊಂಡ ಫೈಲುಗಳನ್ನು ಬೇರೆ ಇಟ್ಟಳು. ಇಪ್ಪತ್ತಮೂರು. ಒಂದೊಂದರಲ್ಲೂ ಮೂರು ಚೌಕ, ಬೇರೆ ಬೇರೆ ಕೈಬರಹ, ಒಂದೇ ಪದ.

ವರದಿಯಲ್ಲಿ ಬರೆದಳು: "ಕಿವಿ ಕೇಳಿಸದವರ ಬಾಗಿಲನ್ನು ನಾವು ಬಡಿದೆವು. ತೆರೆಯಲಿಲ್ಲವೆಂದು ಅವರನ್ನು ಲಭ್ಯವಿಲ್ಲ ಎಂದೆವು. ಇಪ್ಪತ್ತಮೂರು ಫೈಲುಗಳನ್ನು ನಾವು ಮತ್ತೆ ತೆರೆಯಬೇಕು."

ಮೇಡಂ ಓದಿದರು. ಕನ್ನಡಕ ತೆಗೆದರು. ಸಿಟ್ಟಾಗಲಿಲ್ಲ, ಆಗಿದ್ದರೆ ಸುಲಭವಿತ್ತು. ಎದುರಿನ ಕುರ್ಚಿ ತೋರಿಸಿ ಕೂರಿಸಿದರು.

"ಮೂಲೆ ಕೋಣೆಗೆ ಅರ್ಜಿ ಹಾಕ್ತಿದೀಯಂತೆ."

"ಹೌದು ಮೇಡಂ."

"ನಿನಗೇ ಪತ್ರ ಕೊಡಬೇಕು ಅಂತಿದ್ದೆ. ನೋಡು, ಇಲ್ಲಿ 'ನಾವು' ಅಂತಿದೆಯಲ್ಲ, ಅದನ್ನ 'ನಾನು' ಅಂತ ಮಾಡು. ಮಿಲ್ಲಿನವಳದ್ದೊಂದು ಇಟ್ಕೊ, ಉಳಿದದ್ದು ಬಿಡು. ವಿದ್ಯಾರ್ಥಿಯ ತಪ್ಪು ಅಂದ್ರೆ ಯಾರೂ ಏನೂ ಅನ್ನಲ್ಲ. ಅವಳ ಫೈಲು ನಾಳೇನೇ ತೆರೀತೀನಿ. ನಿನ್ನ ಪತ್ರಾನೂ ರೆಡಿ."

"ಉಳಿದ ಇಪ್ಪತ್ತೆರಡು?"

"ಅದು ನಿನ್ನ ತಪ್ಪಲ್ಲವಲ್ಲ. 'ನಾವು' ಅಂತ ಯಾಕೆ ಬರೀತೀಯ? ನೀನು ಇಲ್ಲಿಯವಳಲ್ಲ, ಬುಧವಾರ ಬಂದು ಹೋಗೋಳು."

ಈ ಮಾತು ಎಲ್ಲಿ ಚುಚ್ಚಿತು ಎಂದು ಮೇಡಂಗೆ ಗೊತ್ತಿರಲಿಕ್ಕಿಲ್ಲ. ಲಾಂಡ್ರಿಯ ಬೆಂಚಿನಲ್ಲಿ, ಮೆಟ್ಟಿಲ ಮೇಲಿನ ಚಿತ್ರದಲ್ಲಿ, ಅಣ್ಣನ ಮನೆಯಲ್ಲಿ, ಎಲ್ಲಿಯೂ 'ನಾವು' ಎನ್ನಲು ಅವಳಿಗೆ ಜಾಗ ಉಳಿದಿರಲಿಲ್ಲ. ಬಹಳ ದಿನದ ಮೇಲೆ ಆ ಪದವನ್ನು ಬರೆದದ್ದು ಒಂದು ತಪ್ಪಿನಲ್ಲಿ ಪಾಲು ಕೇಳುವುದಕ್ಕೆ. ಅದರಿಂದಲೂ ಅವಳನ್ನು ಎಬ್ಬಿಸಿ ಕಳಿಸುತ್ತಿದ್ದರು.

"ನಾನೂ ಬಡಿದಿದ್ದೀನಿ ಮೇಡಂ," ಎಂದಳು. "ಅದಕ್ಕೇ ನಾವು."

ವರದಿ ಮೇಡಂ ಸಹಿಯಿಲ್ಲದೆ ಹಾಗೆಯೇ ಕಾಲೇಜಿಗೆ ಹೋಯಿತು. ಆ ಸಂಜೆ ಯಾರಿಗಾದರೂ ಹೇಳಬೇಕೆನಿಸಿ ಅಣ್ಣನಿಗೆ ಫೋನು ಮಾಡಿದಳು. ಎತ್ತಿದ್ದು ಅತ್ತಿಗೆ.

"ಅವರು ಊಟಕ್ಕೆ ಕೂತಿದಾರೆ. ಏನಾದ್ರೂ ಅರ್ಜೆಂಟಾ?"

"ಏನಿಲ್ಲ ಅತ್ತಿಗೆ. ಸುಮ್ನೆ."

ಕೆಳಗೆ ಸೈಕಲ್ ಅಂಗಡಿಯವನು ಷಟರ್ ಎಳೆದ. ಅವಳು ಇಸ್ತ್ರಿ ಹಲಗೆಯ ಮುಂದೆ ಕೂತು ಮಾರನೇ ದಿನದ ಪಾಠ ಓದಿದಳು. ಪಾಠದ ಹೆಸರು, ಸಮುದಾಯದ ಬೆಂಬಲ.

ಮುಂದಿನದನ್ನು ಎಳೆಯುವುದಿಲ್ಲ. ಕಾಲೇಜಿನವರು ಕಚೇರಿಗೆ ಕಾಗದ ಬರೆದು ವಿವರ ಕೇಳಿದರು. ಕೇಳಿದ್ದಕ್ಕೆ ಮಿಲ್ಲಮ್ಮನ ಫೈಲು ತೆರೆಯಿತು, ಉಳಿದ ಇಪ್ಪತ್ತೆರಡು "ಪರಿಶೀಲನೆಯಲ್ಲಿವೆ" ಎಂಬ ಉತ್ತರ ಬಂತು, ಮತ್ತು ಕಚೇರಿಯ ಗೋಡೆಗೆ ಒಂದು ಸುತ್ತೋಲೆ ಏರಿತು: ಕಿವಿ ಕೇಳಿಸದ ಅರ್ಜಿದಾರರ ಮನೆಗೆ ಹೋಗುವ ಮುನ್ನ ಅವರಿಗೆ ಕಡ್ಡಾಯವಾಗಿ ಫೋನ್ ಮಾಡತಕ್ಕದ್ದು. ಇನ್ನೊಮ್ಮೆ ಓದಿ. ನಗು ಬಂದರೆ ನಗಿ, ಆಮೇಲೆ ನಾಚಿಕೆಪಡಿ.

ಸಮಾಜ ಪಾಸಾದಳು. ಶಿಫಾರಸು ಪತ್ರ ಬರಲಿಲ್ಲ. ಮೂಲೆ ಕೋಣೆಗೆ ಬಂದದ್ದು ಅವತ್ತು ಚಿತ್ರ ತೆಗೆಯಲು ಫೋನು ಕೈಗಿತ್ತ ಹುಡುಗಿ. ಒಳ್ಳೆಯ ಹುಡುಗಿಯೇ. ಲಿಫ್ಟಿನಲ್ಲಿ ಸಿಕ್ಕಾಗ "ಆಂಟಿ, ಚೆನ್ನಾಗಿದೀರಾ?" ಎನ್ನುತ್ತಾಳೆ. ಲಿಫ್ಟು ಎರಡನೇ ಮಹಡಿಯಲ್ಲಿ ಅವಳನ್ನು ಇಳಿಸುತ್ತದೆ. ಸಮಾಜ ಚಾದರದ ಗಾಡಿ ತಳ್ಳಿಕೊಂಡು ಮೂರಕ್ಕೆ ಹೋಗುತ್ತಾಳೆ. ಪದವಿ ಪತ್ರ ಬೀರುವಿನೊಳಗೆ, ಆ ವಿಳಾಸದ ಪಕ್ಕದಲ್ಲಿದೆ. ವಿಳಾಸವನ್ನು ಕಿತ್ತಿಲ್ಲ. ಬೇರೆ ಊರುಗಳ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಲೇ ಇದ್ದಾಳೆ. ಪ್ರತಿ ಅರ್ಜಿಯಲ್ಲೂ ಅನುಭವ ಎಂಬಲ್ಲಿ ಮೊದಲ ಸಾಲು ಲಾಂಡ್ರಿ, ಹದಿನಾಲ್ಕು ವರ್ಷ.

ಬುಧವಾರದ ರಜೆಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಮಿಲ್ಲಮ್ಮನ ಮೂರು ಮಹಡಿ ಹತ್ತುತ್ತಾಳೆ. ಕಿವಿ ಮೆಷಿನ್ ಹಾಕಿಕೊಂಡ ಮೊದಲ ದಿನ ಮಿಲ್ಲಮ್ಮ ಅವಳ ಮಾತು ಕೇಳಿ ಹುಬ್ಬು ಗಂಟಿಕ್ಕಿದ್ದಳು: "ನಿನ್ನ ದನಿ ಇಷ್ಟು ಸಣ್ಣದಾ? ತುಟಿ ನೋಡಿ ಗಟ್ಟಿಗಿತ್ತಿ ಅಂದ್ಕೊಂಡಿದ್ದೆ."

ಒಮ್ಮೆ ಬುಧವಾರ ಕೆಲಸ ಬಿದ್ದು ಗುರುವಾರ ಹೋದಳು. ಮಿಲ್ಲಮ್ಮನ ಕಿವಿ ಬರಿದಾಗಿತ್ತು. ಮೆಷಿನ್ನು ಮಂಚದ ಕೆಳಗೆ, ಗುಂಡಿ ಸೂಜಿ ಇಡುವ ಡಬ್ಬಿಯಲ್ಲಿತ್ತು.

"ಯಾಕಮ್ಮಾ, ಕೆಟ್ಟುಹೋಯ್ತಾ?"

"ಎಲ್ಲಿ ಕೆಡುತ್ತೆ. ನೀನು ಬರೋ ದಿನ ಹಾಕ್ಕೋತೀನಿ. ಉಳಿದ ದಿನ ಹಾಕ್ಕೊಂಡು ಏನು ಕೇಳಿಸ್ಕೊಳ್ಳಲಿ?"

ಆ ಕಟ್ಟಡದಲ್ಲಿ ಹದಿನೆಂಟು ಮನೆಗಳಿವೆ. ಎಲ್ಲರೂ ಅವಳ ಬಾಗಿಲು ದಾಟಿಯೇ ತಾರಸಿಗೆ ಬಟ್ಟೆ ಒಣಹಾಕಲು ಹೋಗುತ್ತಾರೆ. ಎಲ್ಲರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ಮೆಟ್ಟಿಲ ಮೇಲೂ ಅಂಥದೊಂದು ಬಾಗಿಲಿದೆ. ಯಾವುದು ಎಂದು ನಿಮಗೆ ಗೊತ್ತು, ನನ್ನನ್ನು ಕೇಳಬೇಡಿ. ಬಡಿದು ನೋಡಿದೆ, ತೆರೆಯಲಿಲ್ಲ ಎನ್ನಬೇಡಿ. ದೀಪ ಆರಿಸಿ ಹಚ್ಚಿ. ಬೈದರೆ ಬೈಸಿಕೊಳ್ಳಿ. ಬುಧವಾರವನ್ನು ಲಾಂಡ್ರಿಯವಳೊಬ್ಬಳು ನೋಡಿಕೊಳ್ಳುತ್ತಿದ್ದಾಳೆ. ಉಳಿದ ಆರು ದಿನಗಳಲ್ಲಿ ನಿಮ್ಮದು ಯಾವುದು, ಈ ಹಾಳೆ ಮಡಿಸುವ ಮೊದಲು ಹೇಳಿ.